ಸೊಂಟ ನೋವಿಗೂ ಹಾರ್ಟಿಗೂ ಏನು ಸಂಬಂಧ ಮಾರಾಯ್ತಿ? (ನೈಟ್ ಡ್ಯೂಟಿ ಪತ್ರಗಳು – 9)

ಈ ಸಲ ಇಲ್ಲಿಯ ಚಳಿಗಾಲದ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಅದನ್ನು ಮುಂದಕ್ಕೆ ಹಾಕಿದ್ದೇನೆ. ಕಾರಣ ನಮ್ಮ ಭಾವ.

ಆರು ವರ್ಷದ ಹಿಂದೆ ಭಾವನಿಗೆ ಹಾರ್ಟಿನ ವಾಲ್ವ್ ಬದಲಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಎರಡು ತಿಂಗಳ ಹಿಂದೆ ಅಕ್ಕ ಫೋನಿನಲ್ಲಿ ಊರ ಸುದ್ದಿಯೆಲ್ಲ ಹೇಳಿ ಮುಗಿಸಿ, ಇಡುವ ಹೊತ್ತಿಗೆ, "ಇವರಿಗೆ ಮೂರು ವಾರದಿಂದ ಸೊಂಟ ಹಿಡ್ಕೊಂಡಿದೆ ಕಣೇ. ಸಂಜೆ ಆದ್ರೆ ಮೈ ಸ್ವಲ್ಪ ಬಿಸಿ ಬೇರೆ. ನೋವಿನ ಮಾತ್ರೆ ತಗೊಂಡ್ರೆ ಕಮ್ಮಿ ಆಗತ್ತೆ" ಅಂದಳು. ನಾನು ಡ್ಯೂಟಿಗೆ ಹೊರಟವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾಳೆಯೇ ಶಿವಮೊಗ್ಗಕ್ಕೆ ಹೋಗಿ, ಹಾರ್ಟ್ ಡಾಕ್ಟರಿಗೇ ತೋರಿಸಿ, ಆಂಟಿಬಯೋಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ ಮಾಡಿಸಿ ಅಂದೆ. ಆಗ ಭಾವ ಫೋನ್ ಇಸ್ಕೊಂಡು ಕೇಳಿದ ಪ್ರಶ್ನೆಯೇ ಮೇಲಿನ ತಲೆಬರಹ.

ಅವತ್ತು ಅವರಿಗೆ ಎರಡು ಮಾತಲ್ಲಿ ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ಸಣ್ಣದಲ್ಲ. ಡಾಕ್ಟರುಗಳಿಗೇ ಅದರ ಉತ್ತರ ಹುಡುಕಲು ನೂರು ವರ್ಷದ ಮೇಲೆ ಹಿಡಿಯಿತು. ಆ ಕಥೆ ಬರೆಯುತ್ತೇನೆ, ನಿಧಾನವಾಗಿ ಓದಿ. ಭಾವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

1.

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಗೊತ್ತಲ್ಲ? ನೀರನ್ನು ಮೇಲಕ್ಕೆ ಬಿಡುತ್ತದೆ, ವಾಪಸ್ ಕೆಳಗೆ ಇಳಿಯಲು ಬಿಡುವುದಿಲ್ಲ. ಹೃದಯದಲ್ಲಿ ಅಂಥ ನಾಲ್ಕು ವಾಲ್ವ್‌ಗಳಿವೆ. ಹಲ್ಲಿನ ಸಂದಿಯಿಂದಲೋ, ಚರ್ಮದ ಗಾಯದಿಂದಲೋ ಆಗಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದು ಎಲ್ಲರಿಗೂ ಆಗುವಂಥದ್ದೇ. ವಾಲ್ವ್ ನುಣುಪಾಗಿದ್ದರೆ ಅವು ಜಾರಿ ಹೋಗುತ್ತವೆ, ದೇಹ ಅವನ್ನು ಮುಗಿಸುತ್ತದೆ. ವಾಲ್ವ್ ಮೊದಲೇ ಹಾಳಾಗಿದ್ದರೆ ಅಥವಾ ಕೃತಕವಾಗಿದ್ದರೆ ಅಲ್ಲಿ ಅಂಟಿಕೊಳ್ಳುತ್ತವೆ. ಅದರ ಸುತ್ತ ರಕ್ತ ಹೆಪ್ಪುಗಟ್ಟಿ ಸಣ್ಣ ಗಂಟು ಬೆಳೆಯುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ವೆಜಿಟೇಷನ್ ಅನ್ನುತ್ತೇವೆ. ತರಕಾರಿಗೂ ಅದಕ್ಕೂ ಸಂಬಂಧ ಇಲ್ಲ. ಫುಟ್‌ವಾಲ್ವಿಗೆ ಪಾಚಿ ಕಟ್ಟಿದ ಹಾಗೆ ಅಂದುಕೊಳ್ಳಿ. ಕಾಯಿಲೆಯ ಹೆಸರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪೊರೆಗೆ ತಗುಲಿದ ಸೋಂಕು.

ಪಾಚಿ ಅಲ್ಲೇ ಸುಮ್ಮನೆ ಕೂತಿರುವುದಿಲ್ಲ. ಹೃದಯ ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸಲ ಬಡಿಯುತ್ತದೆ. ಆ ಹೊಡೆತಕ್ಕೆ ಚೂರು ಚೂರು ಕಿತ್ತುಕೊಂಡು ರಕ್ತದ ಜೊತೆ ಹೋಗುತ್ತದೆ. ಮಿದುಳಿಗೆ ಹೋಗಬಹುದು, ಕಿಡ್ನಿಗೆ ಹೋಗಬಹುದು, ಬೆನ್ನೆಲುಬಿಗೆ ಹೋಗಬಹುದು. ಕಾಯಿಲೆ ಇರುವುದು ಒಂದು ಕಡೆ, ನೋವು ಕಾಣಿಸಿಕೊಳ್ಳುವುದು ಇನ್ನೊಂದು ಕಡೆ.

2.

ಈ ಗಂಟನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಮೊದಲಿಗರು ಅಂತ ಫ್ರಾನ್ಸಿನ ಲಾಝಾರ್ ರಿವಿಯೇರ್ ಅವರನ್ನು ಹೆಸರಿಸುತ್ತಾರೆ. ಎದೆ ಬಡಿತ ಏರುಪೇರಾಗಿ ತೀರಿಕೊಂಡ ರೋಗಿಯೊಬ್ಬರ ಶವಪರೀಕ್ಷೆಯಲ್ಲಿ ಹೃದಯದ ಒಳಗೆ ಹೇಝಲ್‌ನಟ್ ಗಾತ್ರದ ಮಾಂಸದ ಗಂಟುಗಳು ಕಂಡವು ಅಂತ 1646ರಲ್ಲಿ ದಾಖಲಿಸಿದರು. ನಮ್ಮ ಗೋಟಡಿಕೆಗಿಂತ ತುಸು ಚಿಕ್ಕದು ಅಂದುಕೊಳ್ಳಿ. ಬ್ಯಾಕ್ಟೀರಿಯಾ ಅನ್ನುವ ಕಲ್ಪನೆಯೇ ಇಲ್ಲದ ಕಾಲ. ಗಂಟು ಸಿಕ್ಕಿತು, ಅದು ಯಾಕೆ ಬಂತು ಅಂತ ತಿಳಿಯಲಿಲ್ಲ.

ಕೀಲಿಗೂ ಹೃದಯಕ್ಕೂ ನಂಟು ಹಾಕಿದವರಲ್ಲಿ ದೊಡ್ಡ ಹೆಸರು ಪ್ಯಾರಿಸ್ಸಿನ ಜಾನ್ ಬಾಪ್ತಿಸ್ತ್ ಬುಯೋ ಅವರದ್ದು. ಎಂಡೋಕಾರ್ಡೈಟಿಸ್ ಅನ್ನುವ ಪದ ಕೊಟ್ಟವರೂ ಅವರೇ, 1830ರ ದಶಕದಲ್ಲಿ. ಸ್ಟೆತೊಸ್ಕೋಪ್ ಬಂದು ಆಗ ಇನ್ನೂ ಇಪ್ಪತ್ತು ವರ್ಷ. ಜ್ವರ ಬಂದು ಮಂಡಿ, ಕಾಲಿನ ಹರಡು ಊದಿಕೊಂಡು ಮಲಗಿದವರ ಎದೆಗೂ ಅವರು ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಮಂಡಿ ಊದಿದವರ ಎದೆ ಯಾಕೆ ನೋಡಬೇಕು ಅಂತ ಅನ್ನುವ ಕಾಲದಲ್ಲಿ ಇದು ದೊಡ್ಡ ಮಾತು. ತೀವ್ರವಾದ ಕೀಲುವಾತದ ಜ್ವರ ಇದ್ದವರಲ್ಲಿ ಬಹಳ ಜನರಿಗೆ ಹೃದಯವೂ ಕೆಡುತ್ತದೆ, ಇದು ಕಾಕತಾಳೀಯವಲ್ಲ, ನಿಯಮ ಅಂತ ಅವರು ವಾದಿಸಿದರು.

ಅವರು ಕಂಡಿದ್ದು ಮುಖ್ಯವಾಗಿ ಇವತ್ತು ನಾವು ರುಮ್ಯಾಟಿಕ್ ಜ್ವರ ಅನ್ನುವುದನ್ನು. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಎರಡು ಮೂರು ವಾರ ಬಿಟ್ಟು ಕೀಲುಗಳು ಊದುತ್ತವೆ. ಇವತ್ತು ಮಂಡಿ, ನಾಳೆ ಮಣಿಕಟ್ಟು. ಗಂಟಲಿನ ಬ್ಯಾಕ್ಟೀರಿಯಾ ವಿರುದ್ಧ ಹೋರಾಡಲು ಹೊರಟ ದೇಹ ತನ್ನದೇ ಕೀಲು, ತನ್ನದೇ ವಾಲ್ವಿನ ಮೇಲೆ ಬೀಳುತ್ತದೆ. ಕೀಲು ವಾಸಿಯಾಗುತ್ತದೆ. ವಾಲ್ವ್ ಆಗುವುದಿಲ್ಲ. ಇಂಗ್ಲೆಂಡಿನ ನನ್ನ ವಾರ್ಡಿನಲ್ಲಿ ಇದು ಈಗ ಅಪರೂಪ. ಇಲ್ಲಿಯ ಎಷ್ಟೋ ಹೊಸ ಡಾಕ್ಟರುಗಳು ಇದನ್ನು ಪುಸ್ತಕದಲ್ಲಿ ಮಾತ್ರ ಓದಿರುತ್ತಾರೆ. ನಮ್ಮ ದೇಶದಲ್ಲಿ ಇನ್ನೂ ಇದೆ.

ಇಲ್ಲಿ ನನಗೆ ಸಣ್ಣತ್ತೆ ನೆನಪಾಗುತ್ತಾಳೆ. ಅಜ್ಜಿ ಹೇಳುತ್ತಿದ್ದರಲ್ಲ, ಸಣ್ಣತ್ತೆ ಮೂರನೇ ಕ್ಲಾಸಿನಲ್ಲಿದ್ದಾಗ ಎರಡು ತಿಂಗಳು ನಡೆಯಲಾಗದೆ ಜಗಲಿಯಲ್ಲೇ ಮಲಗಿದ್ದಳು, ಆಮೇಲೆ ತಾನಾಗಿಯೇ ಎದ್ದು ಓಡಾಡಿದಳು ಅಂತ. ವಾಯು ಅಂದರು, ದೃಷ್ಟಿ ಅಂದರು. ಹೆರಿಗೆ ಹೊತ್ತಿನಲ್ಲಿ ಡಾಕ್ಟರ್ ಎದೆ ನೋಡಿ ವಾಲ್ವ್ ಕಿರಿದಾಗಿದೆ ಅಂದಾಗ ಜಗಲಿಯ ಆ ಎರಡು ತಿಂಗಳು ಯಾರಿಗೂ ನೆನಪಾಗಲಿಲ್ಲ. ಸಣ್ಣತ್ತೆಯ ಕಥೆಗೆ ಮತ್ತೆ ಬರುತ್ತೇನೆ.

3.

ಬುಯೋ ಅವರ ನಂತರವೂ ಬಹಳ ಕಾಲ ರುಮ್ಯಾಟಿಕ್ ಜ್ವರ ಮತ್ತು ಬ್ಯಾಕ್ಟೀರಿಯಾ ಕೂರುವ ಈ ಎಂಡೋಕಾರ್ಡೈಟಿಸ್ ಎರಡೂ ಒಂದೇ ಬುಟ್ಟಿಯಲ್ಲಿದ್ದವು. ಎರಡರಲ್ಲೂ ಜ್ವರ, ಎರಡರಲ್ಲೂ ಕೀಲು ನೋವು, ಎರಡರಲ್ಲೂ ವಾಲ್ವ್. 1869ರಲ್ಲಿ ನಾರ್ವೆಯ ಎಮಾನುಯೆಲ್ ವಿಂಗೆ, ಸತ್ತ ರೋಗಿಯೊಬ್ಬರ ವಾಲ್ವಿನ ಗಂಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಅದರೊಳಗೆ ಸೂಕ್ಷ್ಮಜೀವಿಗಳು ಕಂಡವು. ಇದು ಬರಿಯ ಊತವಲ್ಲ, ಹೊರಗಿಂದ ಬಂದು ಮನೆ ಮಾಡಿದ ಜೀವಿಗಳ ಕೆಲಸ ಅನ್ನುವುದಕ್ಕೆ ಅಲ್ಲಿಂದ ಸುಳಿವು ಸಿಕ್ಕಿತು.

1885ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ವಿಲಿಯಂ ಓಸ್ಲರ್ ಇದರ ಮೇಲೆ ಮೂರು ಉಪನ್ಯಾಸ ಕೊಟ್ಟರು. ಕೆನಡಾದಲ್ಲಿ ಹುಟ್ಟಿದವರು, ಆಗ ವಯಸ್ಸು 35. ಅವರು ಒತ್ತಿ ಹೇಳಿದ ಒಂದು ವಿಷಯ: ಈ ಕಾಯಿಲೆ ವೇಷ ಹಾಕುವುದರಲ್ಲಿ ನಿಸ್ಸೀಮ. ಒಬ್ಬರಲ್ಲಿ ಟೈಫಾಯ್ಡಿನ ಹಾಗೆ, ಇನ್ನೊಬ್ಬರಲ್ಲಿ ನಡುಗಿಸುವ ಮಲೇರಿಯಾದ ಹಾಗೆ. ರೋಗಿ ಬದುಕಿರುವಾಗ ಹಿಡಿಯುವುದೇ ಕಷ್ಟ, ಶವಪರೀಕ್ಷೆಯಲ್ಲಿ ಗೊತ್ತಾಗುವುದೇ ಹೆಚ್ಚು.

1909ರಲ್ಲಿ, ಆಕ್ಸ್‌ಫರ್ಡಿನಲ್ಲಿದ್ದ ಓಸ್ಲರ್ ಮತ್ತೊಂದು ಲೇಖನ ಬರೆದರು. ಅದರಲ್ಲಿದ್ದವರು ತಿಂಗಳುಗಟ್ಟಲೆ ಸಣ್ಣ ಜ್ವರದಲ್ಲಿ ಸವೆದ ರೋಗಿಗಳು. ಅವರ ಬೆರಳ ತುದಿಯಲ್ಲಿ, ಅಂಗೈಯಲ್ಲಿ, ಪಾದದಲ್ಲಿ ಕೆಂಪಾದ, ಮುಟ್ಟಿದರೆ ನೋಯುವ ಸಣ್ಣ ಗಂಟುಗಳು ಏಳುತ್ತವೆ, ಕೆಲವೇ ದಿನದಲ್ಲಿ ಮಾಯವಾಗುತ್ತವೆ ಅಂತ ಬರೆದರು. ಇವತ್ತಿಗೂ ಅವಕ್ಕೆ ಓಸ್ಲರ್ ನೋಡ್ ಅಂತಲೇ ಹೆಸರು. ಅದೇ ವರ್ಷ ಲಂಡನ್ನಿನ ಥಾಮಸ್ ಹಾರ್ಡರ್ 150 ರೋಗಿಗಳ ವಿವರ ಪ್ರಕಟಿಸಿದರು. ಬದುಕಿರುವ ರೋಗಿಯ ರಕ್ತ ತೆಗೆದು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪದ್ಧತಿ ಆಗ ಬೇರೂರುತ್ತಿತ್ತು. ಅದೇ ಬ್ಲಡ್ ಕಲ್ಚರ್. ನಾನು ಅಕ್ಕನಿಗೆ ಫೋನಿನಲ್ಲಿ ಹಟ ಹಿಡಿದದ್ದು ಇದಕ್ಕೇ.

ನನ್ನ ಮಟ್ಟಿಗೆ ಓಸ್ಲರ್ ಕಲಿಸಿದ ಪಾಠ ದೊಡ್ಡ ಯಂತ್ರದ್ದಲ್ಲ. ಕೈ ಹಿಡಿದು ಬೆರಳು ನೋಡುವುದು. ನಾವು ನರ್ಸುಗಳು ರೋಗಿಯ ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕುವಾಗ ದಿನಕ್ಕೆ ನಾಲ್ಕು ಸಲ ಆ ಬೆರಳು ನೋಡುತ್ತೇವೆ. ನೋಡಿಯೂ ನೋಡದೆ ಇರುವುದೂ ಉಂಟು.

4.

ಕಾಯಿಲೆ ಗೊತ್ತಾದರೆ ವಾಸಿಯಾಗಬೇಕಲ್ಲ ಅಂತ ಕೇಳಬಹುದು. ಆಗುತ್ತಿರಲಿಲ್ಲ. ಗುಸ್ತಾವ್ ಮಾಹ್ಲರ್ ಅಂತ ಆ ಕಾಲದ ಬಹು ದೊಡ್ಡ ಸಂಗೀತ ರಚನೆಕಾರರು ಇದ್ದರು. 1907ರಲ್ಲಿ ಅವರ ಹೃದಯದ ವಾಲ್ವ್ ಸರಿಯಿಲ್ಲ ಅಂತ ಡಾಕ್ಟರುಗಳು ಹೇಳಿದ್ದರು. 1911ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಜ್ವರದಲ್ಲೇ ಕೊನೆಯ ಕಛೇರಿ ನಡೆಸಿದರು. ಜ್ವರ ಬಿಡಲಿಲ್ಲ. ಈ ಕಾಯಿಲೆಯಲ್ಲಿ ಆಗ ಹೆಸರಾಗಿದ್ದ ಇಮಾನುಯೆಲ್ ಲಿಬ್ಮನ್ ಬಂದು ನೋಡಿದರು, ಅವರ ಸಹಾಯಕ ಜಾರ್ಜ್ ಬೇರ್ ರಕ್ತ ತೆಗೆದರು. ಕೆಲವು ದಿನದಲ್ಲಿ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಅಷ್ಟೇ. ಹೆಸರು ಗೊತ್ತಾಯಿತು, ಮದ್ದು ಇರಲಿಲ್ಲ. ಹಡಗಿನಲ್ಲಿ ಯುರೋಪಿಗೆ ಕರೆದೊಯ್ದರು. 1911ರ ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. 50 ವರ್ಷ.

ಇನ್ನೊಬ್ಬರ ಕಥೆ ನನಗೆ ಇದಕ್ಕಿಂತ ಹತ್ತಿರ. ಆಲ್ಫ್ರೆಡ್ ರೈನ್‌ಹಾರ್ಟ್ ಅಂತ ಅಮೆರಿಕದ ಹಾರ್ವರ್ಡಿನಲ್ಲಿ ಮೆಡಿಕಲ್ ಓದುತ್ತಿದ್ದ ಹುಡುಗ. ಚಿಕ್ಕವನಿದ್ದಾಗ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಕೆಟ್ಟಿತ್ತು. ಒಂದು ದಿನ ಕೋಟು ಬಿಚ್ಚುವಾಗ ಮಣಿಕಟ್ಟಿನ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳನ್ನು ಕಂಡ. ಓದಿದ ಹುಡುಗ, ಏನಂತ ಕೂಡಲೇ ತಿಳಿಯಿತು. ಇನ್ನು ಆರು ತಿಂಗಳು ಅಂತ ಮನೆಯವರಿಗೆ ತಾನೇ ಹೇಳಿದ. ಆಮೇಲೆ ತನ್ನ ಕಾಯಿಲೆಯನ್ನು ತಾನೇ ಬರೆದಿಡುತ್ತಾ ಹೋದ, ತಾನೇ ರೋಗಿ, ತಾನೇ ಡಾಕ್ಟರ್. 1931ರಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳನ್ನು ಸೋಮಾ ವೈಸ್ ಅನ್ನುವ ಡಾಕ್ಟರ್ 1942ರಲ್ಲಿ ಪ್ರಕಟಿಸಿದರು.

ಅದಾಗಿ ಎರಡೇ ವರ್ಷಕ್ಕೆ ಬಾಗಿಲು ತೆರೆಯಿತು. ಯುದ್ಧದ ಕಾಲ, ಪೆನಿಸಿಲಿನ್ ಅಂದರೆ ಚಿನ್ನಕ್ಕಿಂತ ಮೇಲು. ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಈ ರೋಗಿಗಳು ಉಳಿಯಲಿಲ್ಲ. ಹಾಗಾಗಿ ಇವರಿಗೆ ಕೊಡುವುದು ವ್ಯರ್ಥ ಅಂತ ಅಮೆರಿಕದಲ್ಲಿ ಹಂಚಿಕೆ ನೋಡಿಕೊಳ್ಳುತ್ತಿದ್ದ ಸಮಿತಿ ತೀರ್ಮಾನಿಸಿತ್ತು. ಬ್ರೂಕ್ಲಿನ್ನಿನ ಲಿಯೋ ಲೋವೆ ಒಪ್ಪಲಿಲ್ಲ. ಪ್ರಮಾಣ ಸಾಲದು, ದಿನ ಸಾಲದು ಅಂದರು. ಅಲ್ಲೇ ಬ್ರೂಕ್ಲಿನ್ನಿನಲ್ಲಿದ್ದ ಫೈಜರ್ ಕಂಪನಿಯಿಂದ ಪೆನಿಸಿಲಿನ್ ಪಡೆದು ಹೆಚ್ಚು ಪ್ರಮಾಣದಲ್ಲಿ, ನರದ ಮೂಲಕ, ಬಿಡದೆ ಕೊಟ್ಟರು. 1944ರಲ್ಲಿ ಸಾಲಾಗಿ ಏಳು ರೋಗಿಗಳು ಚೇತರಿಸಿಕೊಂಡ ವರದಿ ಪ್ರಕಟಿಸಿದರು. ಇವತ್ತೂ ಈ ಕಾಯಿಲೆಗೆ ವಾರಗಟ್ಟಲೆ ಇಂಜೆಕ್ಷನ್ ಕೊಡುವುದರ ಹಿಂದೆ ಇರುವುದು ಅದೇ ಪಾಠ. ಜ್ವರ ಬಿಟ್ಟಿತು, ಮನೆಗೆ ಕಳಿಸಿ ಅಂತ ಗಲಾಟೆ ಮಾಡುವ ರೋಗಿಗಳಿಗೆ ನಾನು ಲೋವೆ ಕಥೆ ಹೇಳುತ್ತೇನೆ.

5.

ಈಗ ಭಾವನ ಪ್ರಶ್ನೆಗೆ ನೇರವಾಗಿ ಬರೋಣ. ಮದ್ದು ಸಿಕ್ಕಿದ ಮೇಲೆ ಲೆಕ್ಕ ಬದಲಾಯಿತು. ಮೊದಲು ಬೇಗ ಹಿಡಿದರೂ ಅಷ್ಟೇ, ತಡವಾಗಿ ಹಿಡಿದರೂ ಅಷ್ಟೇ. ಈಗ ಬೇಗ ಹಿಡಿದರೆ ಜೀವ ಉಳಿಯುತ್ತದೆ. ಹಾಗಾದರೆ ಮೊದಲು ಕಾಣಿಸುವ ಲಕ್ಷಣ ಯಾವುದು?

1977ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಡಾಕ್ಟರುಗಳು ತಮ್ಮಲ್ಲಿಗೆ ಬಂದಿದ್ದ 192 ಎಂಡೋಕಾರ್ಡೈಟಿಸ್ ರೋಗಿಗಳ ಹಳೆಯ ಕಡತ ತೆಗೆದು, ಮೂಳೆ, ಕೀಲು, ಸ್ನಾಯುವಿನ ತೊಂದರೆ ಎಷ್ಟು ಜನಕ್ಕಿತ್ತು ಅಂತ ಎಣಿಸಿದರು. 84 ಜನಕ್ಕಿತ್ತು, ಅಂದರೆ ನೂರಕ್ಕೆ 44. ಕೆಲವರಿಗೆ ಒಂದೆರಡು ಕೀಲು ನೋವು, ಕೆಲವರಿಗೆ ಕೀಲು ಊತ, ಕೆಲವರಿಗೆ ಸೊಂಟ ನೋವು, ಕೆಲವರಿಗೆ ಮೈಯೆಲ್ಲ ನೋವು. ಎಷ್ಟೋ ಜನರಲ್ಲಿ ಕಾಯಿಲೆ ಶುರುವಾದದ್ದೇ ಇದರಿಂದ. ಎದೆ ನೋವು ಅಂತ ಬಂದವರಲ್ಲ ಅವರು.

ಯಾಕೆ ಹೀಗಾಗುತ್ತದೆ? ಒಂದು, ಮೊದಲೇ ಹೇಳಿದ ಹಾಗೆ ಬ್ಯಾಕ್ಟೀರಿಯಾ ರಕ್ತದ ಜೊತೆ ಹೋಗಿ ಬೆನ್ನೆಲುಬಿನ ಡಿಸ್ಕಿನಲ್ಲೋ, ಕೀಲಿನಲ್ಲೋ ಕೂತು ಅಲ್ಲಿ ಹೊಸ ಸೋಂಕು ಮಾಡುತ್ತದೆ. ಈ ನೋವು ಮಲಗಿದರೂ ಬಿಡುವುದಿಲ್ಲ, ರಾತ್ರಿ ಏಳಿಸುತ್ತದೆ. ಎರಡು, ತಿಂಗಳುಗಟ್ಟಲೆ ಸೋಂಕಿನ ವಿರುದ್ಧ ಹೋರಾಡುವ ದೇಹ ರಾಶಿ ರಾಶಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಬ್ಯಾಕ್ಟೀರಿಯಾದ ಚೂರುಗಳ ಜೊತೆ ಸೇರಿ ಕೀಲು, ಕಿಡ್ನಿಗಳಲ್ಲಿ ತಂಗಿ ಉರಿ ಎಬ್ಬಿಸುತ್ತವೆ. ಆಗ ಕೀಲಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ಊತ ಇರುತ್ತದೆ. ಮೋಸ ಹೋಗುವುದು ಇಲ್ಲೇ. ಕೀಲುವಾತಕ್ಕೆ ಮಾಡುವ ರುಮ್ಯಾಟಾಯ್ಡ್ ಫ್ಯಾಕ್ಟರ್ ಅನ್ನುವ ರಕ್ತ ಪರೀಕ್ಷೆ ಈ ಕಾಯಿಲೆಯಲ್ಲೂ ಕೆಲವರಿಗೆ ಪಾಸಿಟಿವ್ ಬರುತ್ತದೆ. ರಿಪೋರ್ಟ್ ನೋಡಿ ಕೀಲುವಾತ ಅಂತ ಸ್ಟಿರಾಯ್ಡ್ ಶುರು ಮಾಡಿದರೆ ನೋವು ಕಮ್ಮಿಯಾಗುತ್ತದೆ, ಒಳಗೆ ಪಾಚಿ ಬೆಳೆಯುತ್ತಲೇ ಇರುತ್ತದೆ.

1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾಕ್ಟರುಗಳು ಈ ಕಾಯಿಲೆ ಗುರುತಿಸಲು ಒಂದು ಪಟ್ಟಿ ಮಾಡಿದರು. ಬ್ಲಡ್ ಕಲ್ಚರ್, ಎಕೋ ಸ್ಕ್ಯಾನ್ ಮೇಲಿನ ಸ್ಥಾನದಲ್ಲಿ. ಜ್ವರ, ಓಸ್ಲರ್ ನೋಡ್, ರುಮ್ಯಾಟಾಯ್ಡ್ ಫ್ಯಾಕ್ಟರ್ ಕೂಡ ಕೆಳಗಿನ ಸಾಲಿನಲ್ಲಿ ಸೇರಿದವು. ಸೊಂಟ ನೋವಿಗೆ ಅಲ್ಲಿ ಜಾಗ ಸಿಗಲಿಲ್ಲ. ಅದು ಎಲ್ಲರಿಗೂ ಬರುವ ನೋವು ತಾನೆ? 2023ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ತನ್ನ ಮಾರ್ಗಸೂಚಿ ಹೊಸದು ಮಾಡಿದಾಗ, ರಕ್ತದ ಮೂಲಕ ಬಂದು ಮೂಳೆ ಕೀಲಿಗೆ ತಗುಲುವ ಸೋಂಕನ್ನು, ಬೆನ್ನೆಲುಬಿನ ಡಿಸ್ಕಿನ ಸೋಂಕನ್ನು ಹೆಸರಿಸಿಯೇ, ಆ ಪಟ್ಟಿಗೆ ಸೇರಿಸಿತು. ಬೆರಳ ತುದಿಯ ಗಂಟು 1909ರಲ್ಲೇ ಹೆಸರು ಮಾಡಿತ್ತು. ಬೆನ್ನೆಲುಬು ಪಟ್ಟಿಗೆ ಬರಲು 2023 ಆಯಿತು.

6.

ಈಗ ಸಣ್ಣತ್ತೆ. ನಾನು ಆಗ ಪಿಯುಸಿ. ಆ ವರ್ಷ ಅಡಿಕೆ ಸುಲಿತ ಮುಗಿದ ಮೇಲೆ ಅವಳಿಗೆ ಸೊಂಟ ನೋವು ಶುರುವಾಯಿತು. ರಾತ್ರಿ ಹನ್ನೆರಡರ ತನಕ ಮೆಟ್ಟುಗತ್ತಿ ಮುಂದೆ ಕೂತರೆ ಸೊಂಟ ಹಿಡಿಯದೆ ಇರುತ್ತದೆಯೇ ಅಂತ ಎಲ್ಲರೂ ಅಂದರು, ನಾನೂ ಅಂದೆ. ಎಣ್ಣೆ ತಿಕ್ಕಿದ್ದು ನಾನೇ. ಸಂಜೆ ಸಣ್ಣ ಜ್ವರ, ಬೆಳಗ್ಗೆ ಇಲ್ಲ. ಊಟ ಸೇರುತ್ತಿರಲಿಲ್ಲ, ಬಳೆ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದವು. ಹೋದಲ್ಲೆಲ್ಲ ನೋವಿಗೆ ಇಂಜೆಕ್ಷನ್, ಜ್ವರಕ್ಕೆ ಐದು ದಿನದ ಮಾತ್ರೆ. ಐದು ದಿನ ಆರಾಮ, ಮತ್ತೆ ಅದೇ. ನಾಲ್ಕನೇ ತಿಂಗಳು ಒಂದು ಬೆಳಗ್ಗೆ ಅವಳ ಬಲಗೈ ಏಳಲಿಲ್ಲ, ಮಾತು ನಿಂತಿತು. ದೊಡ್ಡಾಸ್ಪತ್ರೆಗೆ ಹೋಗಿ ಆರನೇ ದಿನಕ್ಕೆ ಮುಗಿಯಿತು. 38 ವರ್ಷ.

ಆಸ್ಪತ್ರೆಯ ಕಾಗದವನ್ನು ಅಪ್ಪ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದರು. ನರ್ಸಿಂಗ್ ಎರಡನೇ ವರ್ಷ ರಜೆಗೆ ಬಂದಾಗ ತೆಗೆದು ಓದಿದೆ. ವಾರದ ಹಿಂದಷ್ಟೇ ಕ್ಲಾಸಿನಲ್ಲಿ ಬರೆದುಕೊಂಡಿದ್ದ ಅದೇ ಎರಡು ಪದ. ಮೂರನೇ ಕ್ಲಾಸಿನ ಜಗಲಿ, ಹೆರಿಗೆಯ ಹೊತ್ತಿನ ವಾಲ್ವ್, ಸೊಂಟ, ಬಲಗೈ ಎಲ್ಲ ಒಂದೇ ದಾರದಲ್ಲಿತ್ತು. ಅಪ್ಪನಿಗೆ ಹೇಳಿದೆ. ಅವರು, "ನಮಗೆ ಯಾರು ಹೇಳಿದ್ರು ಮಗಾ" ಅಂದರು. ಇಷ್ಟು ವರ್ಷ ಇದನ್ನು ಬರೆಯಲು ಆಗಿರಲಿಲ್ಲ.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಸೊಂಟ ನೋವು ಅಂತ ಬರುವ ಬಹುಪಾಲು ಜನರಿಗೆ ಇರುವುದು ಸೊಂಟ ನೋವೇ. ದಯವಿಟ್ಟು ಇದನ್ನು ಓದಿ ಎಲ್ಲರೂ ಎಕೋ ಮಾಡಿಸಲು ಓಡಬೇಡಿ. ಆದರೆ ನಮ್ಮ ಮನೆಗಳಲ್ಲಿ ವಾಲ್ವ್ ತೊಂದರೆ ಇರುವವರು, ವಾಲ್ವ್ ಬದಲಿಸಿದವರು, ಒಮ್ಮೆ ಈ ಸೋಂಕು ಬಂದು ಹೋದವರು, ಹುಟ್ಟಿನಿಂದ ಹೃದಯದ ತೊಂದರೆ ಇರುವವರು ಇದ್ದರೆ ಇಷ್ಟು ನೆನಪಿಡಿ.

ಕಾರಣ ತಿಳಿಯದ ಜ್ವರ ಒಂದು ವಾರ ದಾಟಿದರೆ, ಜೊತೆಗೆ ಹೊಸದಾಗಿ ಸೊಂಟ ಅಥವಾ ಕೀಲು ನೋವು, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ, ಡಾಕ್ಟರಿಗೆ ಮೊದಲ ವಾಕ್ಯದಲ್ಲೇ "ನನಗೆ ವಾಲ್ವ್ ತೊಂದರೆ ಇದೆ" ಅಂತ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ಎರಡು ದಿನದ ಮಾತ್ರೆಯೂ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಸಿಗದ ಹಾಗೆ ಮಾಡಬಹುದು, ಕಾಯಿಲೆ ಮಾತ್ರ ಉಳಿಯುತ್ತದೆ. ಕೈಕಾಲು ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಹಲ್ಲು ವಸಡು ಚೆನ್ನಾಗಿಟ್ಟುಕೊಳ್ಳಿ, ಹಲ್ಲು ಕೀಳಿಸುವ ಮೊದಲು ಹಾರ್ಟ್ ಡಾಕ್ಟರನ್ನು ಕೇಳಿ. ಮಕ್ಕಳಿಗೆ ಗಂಟಲು ನೋವಾಗಿ ಆಮೇಲೆ ಕೀಲು ಊದಿದರೆ ವಾಯು ಅಂತ ಬಿಡಬೇಡಿ. ರುಮ್ಯಾಟಿಕ್ ಜ್ವರ ಅಂತ ಗೊತ್ತಾದ ಮಕ್ಕಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ನೋಯುತ್ತದೆ ನಿಜ, ತಪ್ಪಿಸಬೇಡಿ.

ಭಾವನ ಸುದ್ದಿ ಹೇಳಲೇ ಇಲ್ಲ ಅಲ್ಲವೇ? ಮರುದಿನವೇ ಗೊಣಗುತ್ತಾ ಶಿವಮೊಗ್ಗಕ್ಕೆ ಹೋದರು. ಮೂರು ಸಲ ರಕ್ತ ತೆಗೆದರು ಅಂತ ನನಗೆ ಫೋನ್ ಮಾಡಿ ಬೈದರು. ಮೂರರಲ್ಲೂ ಒಂದೇ ಬ್ಯಾಕ್ಟೀರಿಯಾ ಬೆಳೆಯಿತು. ಎಂಆರ್‌ಐ ಮಾಡಿದಾಗ ಬೆನ್ನೆಲುಬಿನ ಎರಡು ಮೂಳೆಗಳ ನಡುವೆ ಸೋಂಕು ಕಂಡಿತು, ಎಕೋದಲ್ಲಿ ಕೃತಕ ವಾಲ್ವಿನ ಅಂಚಿನಲ್ಲಿ ಸಣ್ಣ ಗಂಟು. ಆರು ವಾರದ ಇಂಜೆಕ್ಷನ್ ಮೊನ್ನೆ ಗುರುವಾರಕ್ಕೆ ಮುಗಿದಿದೆ. ಸದ್ಯ ಆಪರೇಷನ್ ಬೇಡ, ತಿಂಗಳು ಬಿಟ್ಟು ಮತ್ತೆ ಎಕೋ ಮಾಡೋಣ ಅಂದಿದ್ದಾರೆ. ಸೊಂಟ ಇನ್ನೂ ಪೂರ್ತಿ ಸರಿಯಾಗಿಲ್ಲ, ತೋಟಕ್ಕೆ ಇಳಿಯಬಾರದು. ಅವರನ್ನು ತೋಟದಲ್ಲಿ ಕಂಡವರು ಅಕ್ಕನಿಗೆ ತಿಳಿಸಬೇಕಾಗಿ ವಿನಂತಿ.

ಈ ಪತ್ರವನ್ನು ಮೊದಲು ಓದಿದ್ದೂ ಭಾವನೇ. "ಎಲ್ಲ ಸರಿ, ಫುಟ್‌ವಾಲ್ವಿಗೆ ಹೋಲಿಸಿದ್ದು ಬೇಸರ ಆಯ್ತು" ಅಂದರು. ಮುಂದಿನ ಸಲ ಚಳಿಗಾಲದ ಬಗ್ಗೆ ಖಂಡಿತ ಬರೆಯುತ್ತೇನೆ. ಈಗ ಎಂಟು ಗಂಟೆಗೆ ಡ್ಯೂಟಿ.